ಬಾಯಿ ಕಟ್ಟಿಸಿಕೊಂಡ ಜೀನುಗಳು

1979ರಲ್ಲಿ ‘ಜೆನೆಟಿಕ್ಸ್’ ಪತ್ರಿಕೆಯಲ್ಲಿ ಯೀಸ್ಟ್ ಬಗ್ಗೆ ಮೂರು ಬೇರೆ ಬೇರೆ ಗುಂಪುಗಳ ಪ್ರಬಂಧಗಳು ಬಂದವು. ಒಂದು, ಪಂಜಾಬಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅಮರ್ ಕ್ಲಾರ್ ಮತ್ತು ಸಂಗಡಿಗರದು. ಇನ್ನೊಂದು ಜೇಮ್ಸ್ ಹೇಬರ್ ಅವರದು. ಮೂರನೆಯದು ಜಾಸ್ಪರ್ ರೈನ್, ಐರಾ ಹರ್ಸ್ಕೊವಿಟ್ಜ್ ಮೊದಲಾದವರದು. ಮೂರರಲ್ಲೂ ಇದ್ದ ಸಂಗತಿ ಹೆಚ್ಚುಕಡಿಮೆ ಒಂದೇ. ಯೀಸ್ಟಿನ ವರ್ಣತಂತುವೊಂದರಲ್ಲಿ ಸದಾ ಸುಮ್ಮನಿರುವ ಜೀನುಗಳಿವೆ. ಅವು ಕೆಟ್ಟು ಸುಮ್ಮನಾದವಲ್ಲ, ಬೇರೆ ಯಾವುದೋ ಜೀನು ಅವುಗಳ ಬಾಯಿ ಕಟ್ಟಿದೆ. ಹಾಗೆ ಕಟ್ಟಿದ ಜೀನು ಹಾಳಾದರೆ ಇವು ಮಾತಾಡತೊಡಗುತ್ತವೆ. ಅಲ್ಲಿಂದ ಇಲ್ಲಿಯವರೆಗಿನ ನಾಲ್ಕು ದಶಕಗಳ ಕೆಲಸವನ್ನು ಒಟ್ಟಾಗಿ ನೋಡಿದರೆ ನನಗೆ ಕಾಣುವುದು ಇಷ್ಟು: ಜೀನು ಯಾವುದು ಎನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಎನ್ನುವುದು ಕೆಲವೆಡೆ ಮುಖ್ಯವಾಗುತ್ತದೆ ಎಂದು ಯೀಸ್ಟು ಗಟ್ಟಿಯಾಗಿ ತೋರಿಸಿಕೊಟ್ಟಿತು. ಆದರೆ ಆ ಮಾತನ್ನು ವರ್ಣತಂತುವಿನ ಉದ್ದಕ್ಕೂ, ಮುಪ್ಪಿನವರೆಗೂ ಹಿಗ್ಗಿಸಹೊರಟವರು ಪುರಾವೆಗಿಂತ ಮುಂದೆ ಓಡಿದರು.

ಇಲ್ಲಿ ಹೇಳುತ್ತಿರುವುದು ಬೇಕರಿಯ ಬನ್ನು ಉಬ್ಬಿಸುವ, ಬಿಯರ್ ಹುದುಗಿಸುವ ಯೀಸ್ಟಿನ ಮಾತು. (ನಮ್ಮ ಇಡ್ಲಿ ಹಿಟ್ಟು ಉಬ್ಬುವುದರಲ್ಲಿ ಯೀಸ್ಟಿನ ಪಾಲು ಸಣ್ಣದು, ಅಲ್ಲಿ ಮುಖ್ಯ ದುಡಿಮೆ ಬ್ಯಾಕ್ಟೀರಿಯಾಗಳದ್ದು.) ಇದರ ಕೋಶಗಳು ವರ್ಣತಂತುಗಳ ಒಂದೇ ಕಂತೆ ಇಟ್ಟುಕೊಂಡು ಒಂಟಿಯಾಗಿ ಬದುಕುವಾಗ ಎರಡು ಬಗೆ: ‘ಎ’ ಮತ್ತು ‘ಆಲ್ಫಾ’. ಎ ಕೋಶ ಕೂಡುವುದು ಆಲ್ಫಾದ ಜೊತೆಗೆ ಮಾತ್ರ. ಯಾವ ಬಗೆಯಾಗಬೇಕೆಂದು ತೀರ್ಮಾನಿಸುವುದು ಮೂರನೆಯ ವರ್ಣತಂತುವಿನಲ್ಲಿರುವ ‘ಮ್ಯಾಟ್’ ಎಂಬ ತಾಣ. ವಿಚಿತ್ರವೆಂದರೆ ಕಾಡು ಯೀಸ್ಟುಗಳು ಈ ಬಗೆಯನ್ನು ಒಂದೇ ತಲೆಮಾರಿನಲ್ಲಿ ಬದಲಿಸಿಕೊಳ್ಳಬಲ್ಲವು. ನಿನ್ನೆ ಎ ಆಗಿದ್ದದ್ದು ಇಂದು ಆಲ್ಫಾ. ಇದು ಹೇಗೆ? ಕದಲಬಲ್ಲ ನಿಯಂತ್ರಕ ತುಣುಕುಗಳಿರಬೇಕೆಂದು ಜಪಾನಿನ ಓಶಿಮಾ ಮತ್ತು ತಕಾನೊ 1971ರಲ್ಲೇ ಊಹಿಸಿದ್ದರು. 1977ರಲ್ಲಿ ಹರ್ಸ್ಕೊವಿಟ್ಜ್, ಹಿಕ್ಸ್ ಮತ್ತು ಸ್ಟ್ರಾದರ್ನ್ ಅದಕ್ಕೊಂದು ಸ್ಪಷ್ಟ ರೂಪ ಕೊಟ್ಟರು. ಅದೇ ವರ್ಣತಂತುವಿನ ಎಡ ತುದಿಯ ಬಳಿ ‘ಎಚ್‌ಎಂಎಲ್’ ಎಂಬಲ್ಲಿ ಆಲ್ಫಾದ ಪ್ರತಿ, ಬಲ ತುದಿಯ ಬಳಿ ‘ಎಚ್‌ಎಂಆರ್’ ಎಂಬಲ್ಲಿ ಎ ಪ್ರತಿ ಇವೆ. ಮ್ಯಾಟ್ ಎಂಬುದು ಟೇಪ್‌ರೆಕಾರ್ಡರ್, ಉಳಿದೆರಡು ಕ್ಯಾಸೆಟ್‌ಗಳು. ಬೇಕೆನಿಸಿದ ಕ್ಯಾಸೆಟ್ಟನ್ನು ಒಳಗೆ ಹಾಕಿದರೆ ಅದು ನುಡಿಯುತ್ತದೆ. ಕ್ಯಾಸೆಟ್ ಕಾಲ ಮುಗಿದರೂ ವಿಜ್ಞಾನಿಗಳ ಬಾಯಲ್ಲಿ ಆ ಹೆಸರು ಇನ್ನೂ ಉಳಿದಿದೆ. ಎಚ್‌ಒ ಎಂಬ ಕಿಣ್ವ ಮ್ಯಾಟ್ ತಾಣದಲ್ಲಿ ಡಿಎನ್‌ಎಯನ್ನು ಕತ್ತರಿಸುತ್ತದೆ, ಕೋಶ ಆ ಗಾಯವನ್ನು ಎಡದ ಅಥವಾ ಬಲದ ಪ್ರತಿಯನ್ನು ನೋಡಿ ತುಂಬಿಕೊಳ್ಳುತ್ತದೆ ಎಂಬ ವಿವರ ಆಮೇಲೆ ತಿಳಿಯಿತು.

ತೊಡಕಿರುವುದು ಈಗ. ಎಚ್‌ಎಂಎಲ್‌ನಲ್ಲಿರುವ ಪ್ರತಿ ಅರೆಬರೆ ಅಲ್ಲ. ಜೀನು ಇಡಿಯಾಗಿದೆ, ಅದನ್ನು ಚಾಲೂ ಮಾಡುವ ಪ್ರೊಮೋಟರೂ ಜೊತೆಗಿದೆ. ಮ್ಯಾಟ್‌ನಲ್ಲಿರುವಾಗ ಅದೇ ಅಕ್ಷರಗಳು ಕೆಲಸ ಮಾಡುತ್ತವೆ, ಎಚ್‌ಎಂಎಲ್‌ನಲ್ಲಿರುವಾಗ ಮಾಡುವುದಿಲ್ಲ. ಎಚ್‌ಒ ಕಿಣ್ವಕ್ಕೂ ಹಾಗೆಯೇ: ಅದು ಗುರುತಿಸುವ ಅಕ್ಷರಸಾಲು ಮೂರು ಕಡೆಯೂ ಇದ್ದರೂ ಕತ್ತರಿ ಬೀಳುವುದು ಮ್ಯಾಟ್‌ನಲ್ಲಿ ಮಾತ್ರ. ಅಂದರೆ ಅಲ್ಲಿನ ಡಿಎನ್‌ಎಯನ್ನು ಯಾರೂ ಓದದಂತೆ, ಯಾರೂ ಮುಟ್ಟದಂತೆ ಮಾಡಲಾಗಿದೆ. ಹಾಗೆ ಮಾಡದಿದ್ದರೆ ಆಗುವ ಅನಾಹುತವೂ ಗೊತ್ತು. ಎ1 ಮತ್ತು ಆಲ್ಫಾ2 ಎಂಬೆರಡು ಪ್ರೋಟೀನ್‌ಗಳು ಒಂದೇ ಕೋಶದಲ್ಲಿ ಸೇರಿದರೆ ಜೋಡಿಯಾಗಿ, ಒಂಟಿ ಕೋಶಕ್ಕೆ ಬೇಕಾದ ಜೀನುಗಳನ್ನೆಲ್ಲ ಮುಚ್ಚಿಬಿಡುತ್ತವೆ. ತನಗೆ ಆಗಲೇ ಜೋಡಿ ಸಿಕ್ಕಿದೆ ಎಂಬಂತೆ ಕೋಶ ನಡೆದುಕೊಳ್ಳುತ್ತದೆ, ಯಾರ ಜೊತೆಯೂ ಕೂಡುವುದಿಲ್ಲ. ಬಾಯಿ ಕಟ್ಟುವ ಜೀನು ಕೆಟ್ಟ ತಳಿಗಳು ಸಿಕ್ಕಿಬಿದ್ದದ್ದು ಬಹುಮಟ್ಟಿಗೆ ಇಂಥ ಕೂಡುವಿಕೆಯ ಏರುಪೇರಿನಿಂದಲೇ.

ಜೀನನ್ನು ಸುಮ್ಮನಿರಿಸುವ ಬೇರೆ ದಾರಿಗಳೂ ಯೀಸ್ಟಿಗಿವೆ. ಆಲ್ಫಾ2 ಪ್ರೋಟೀನು ಆಲ್ಫಾ ಕೋಶದಲ್ಲಿ ಎ ಬಗೆಯ ಜೀನುಗಳ ಮುಂದೆ ಎಂಸಿಎಂ1 ಎಂಬುದರ ಜೊತೆ ಕೂತು, ಟಪ್1 ಮತ್ತು ಎಸ್‌ಎಸ್‌ಎನ್6 ಎಂಬ ಜೋಡಿಯನ್ನು ಕರೆದು ಆ ಜೀನನ್ನು ತಡೆಯುತ್ತದೆ. ಅದು ನಿರ್ದಿಷ್ಟ ಜೀನಿನ ವಿರುದ್ಧದ ಕ್ರಮ; ಆ ಜೀನಿನ ಮುಂದೆ ಆಲ್ಫಾ2 ಗುರುತಿಸುವ ಅಕ್ಷರಗಳಿರಬೇಕು. ಎಚ್‌ಎಂಎಲ್, ಎಚ್‌ಎಂಆರ್‌ಗಳಲ್ಲಿ ನಡೆಯುವುದು ಇದಲ್ಲ. ಅಲ್ಲಿ ಯಾವ ಜೀನನ್ನು ತಂದಿಟ್ಟರೂ ಸುಮ್ಮನಾಗುತ್ತದೆ. 1986ರಲ್ಲಿ ಷ್ನೆಲ್ ಮತ್ತು ರೈನ್ ಅಲ್ಲಿ ಟಿಆರ್‌ಎನ್‌ಎ ಜೀನನ್ನೇ ತಂದಿಟ್ಟು ನೋಡಿದರು. ಅದನ್ನು ಓದುವ ಯಂತ್ರವೇ ಬೇರೆ, ಆರ್‌ಎನ್‌ಎ ಪಾಲಿಮರೇಸ್ ಮೂರು. ಅದರ ಬಾಯಿಯೂ ಕಟ್ಟಿತು. ಈ ಪ್ರಯೋಗ ಹೆಚ್ಚು ಪ್ರಸಿದ್ಧವಲ್ಲ, ಆದರೆ ತಡೆ ಇರುವುದು ಜೀನಿಗಲ್ಲ, ಜಾಗಕ್ಕೆ ಎಂಬುದನ್ನು ಇಷ್ಟು ಚೊಕ್ಕವಾಗಿ ಹೇಳಿದ್ದು ಕಡಿಮೆ.

ಹಾಗಾದರೆ ಆ ಜಾಗದ ಗುರುತೇನು? 1984, 85ರ ಸುಮಾರಿಗೆ ಕಿಮ್ ನಾಸ್ಮಿತ್ ಮತ್ತು ಸಹೋದ್ಯೋಗಿಗಳು ಎಚ್‌ಎಂಆರ್‌ನ ಪಕ್ಕದಲ್ಲಿ ಒಂದು ಸಣ್ಣ ತುಣುಕನ್ನು ಗುರುತಿಸಿದರು. ಅದನ್ನು ಕಿತ್ತುಹಾಕಿದರೆ ಮೌನ ಮುರಿಯುತ್ತದೆ, ತಿರುಗಿಸಿಟ್ಟರೂ ಸ್ವಲ್ಪ ದೂರ ಸರಿಸಿದರೂ ಕೆಲಸ ಮಾಡುತ್ತದೆ. ಅದಕ್ಕೆ ‘ಸೈಲೆನ್ಸರ್’ ಎಂದರು. ಅದರೊಳಗೆ ಮೂರು ಪ್ರೋಟೀನ್‌ಗಳಿಗೆ ಜಾಗವಿದೆ: ಓಆರ್‌ಸಿ, ರ್‍ಯಾಪ್1, ಎಬಿಎಫ್1. ಈ ಮೂರರಲ್ಲಿ ಒಂದೂ ಬಾಯಿ ಕಟ್ಟುವುದನ್ನೇ ಕಸುಬು ಮಾಡಿಕೊಂಡದ್ದಲ್ಲ. ಓಆರ್‌ಸಿ ಎಂಬುದು ಆರು ಪ್ರೋಟೀನ್‌ಗಳ ಕೂಟ, ಬೆಲ್ ಮತ್ತು ಸ್ಟಿಲ್‌ಮನ್ 1992ರಲ್ಲಿ ಕಂಡುಹಿಡಿದದ್ದು. ಡಿಎನ್‌ಎ ನಕಲಾಗುವ ಕೆಲಸ ಎಲ್ಲಿಂದ ಶುರುವಾಗಬೇಕೆಂದು ಅದು ವರ್ಣತಂತುವಿನ ಉದ್ದಕ್ಕೂ ಗುರುತು ಹಾಕುತ್ತದೆ. ರ್‍ಯಾಪ್1 ರೈಬೋಸೋಮಿನ ಪ್ರೋಟೀನ್ ಜೀನುಗಳನ್ನು ಜೋರಾಗಿ ನಡೆಸುವ ಚಾಲಕ. ಎಬಿಎಫ್1 ಕೂಡ ಹಲವೆಡೆ ಜೀನುಗಳಿಗೆ ನೆರವಾಗುವಂಥದ್ದೇ. ಬೇರೆ ಕಡೆ ಜೀನನ್ನು ಎಬ್ಬಿಸುವ ರ್‍ಯಾಪ್1 ಇಲ್ಲಿ ಮಲಗಿಸಲು ನೆರವಾಗುತ್ತದೆ. ‘ಇದು ಚಾಲಕ, ಅದು ತಡೆಗಾರ’ ಎಂದು ಪ್ರೋಟೀನ್‌ಗಳಿಗೆ ಹಣೆಪಟ್ಟಿ ಹಚ್ಚುವ ಪಠ್ಯಪುಸ್ತಕದ ಚಾಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಇವು ಒಟ್ಟಿಗೆ, ಹತ್ತಿರ ಹತ್ತಿರ ಕೂತಾಗ ಅಲ್ಲಿಗೆ ಬಾಯಿ ಕಟ್ಟುವ ಸರ್ ಪ್ರೋಟೀನ್‌ಗಳು ಬರುತ್ತವೆ.

ಸರ್ ಪ್ರೋಟೀನ್‌ಗಳು ನಾಲ್ಕು. ಅವುಗಳನ್ನು ರೈನ್ ಮತ್ತು ಹರ್ಸ್ಕೊವಿಟ್ಜ್ 1987ರಲ್ಲಿ ಒಂದೇ ಪಟ್ಟಿಗೆ ತಂದರು. 1979ರಲ್ಲಿ ಕ್ಲಾರ್ ಕಂಡಿದ್ದ ಜೀನು ಈಗ ಸರ್2, ಹೇಬರ್ ಕಂಡದ್ದು ಸರ್3. ಸರ್1 ಓಆರ್‌ಸಿಯನ್ನು ಹಿಡಿದು ಕೆಲಸಕ್ಕೆ ನಾಂದಿ ಹಾಡುತ್ತದೆ. ಸರ್4 ಉಳಿದವನ್ನು ಕೂಡಿಸಿ ಹಿಡಿಯುವ ಚೌಕಟ್ಟು, ಸರ್2 ಕಿಣ್ವ, ಸರ್3 ನ್ಯೂಕ್ಲಿಯೋಸೋಮಿಗೆ ಅಂಟುವಂಥದ್ದು. ಡಿಎನ್‌ಎ ಕೋಶದಲ್ಲಿ ಬರಿದಾಗಿರುವುದಿಲ್ಲ, ಹಿಸ್ಟೋನ್ ಎಂಬ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ ಎಂಬುದು ಓದುಗರಿಗೆ ಗೊತ್ತಿರಬಹುದು. ಡಿಎನ್‌ಎ ಸುತ್ತಿದ ಅಂಥ ಒಂದು ಉಂಡೆಯೇ ನ್ಯೂಕ್ಲಿಯೋಸೋಮ್. ಆ ಉಂಡೆಗಳಿಂದ ಬಾಲಗಳು ಹೊರಚಾಚಿರುತ್ತವೆ. ಹಿಸ್ಟೋನ್ ಎಚ್4ರ ಬಾಲದ 16ನೆಯ ಜಾಗದಲ್ಲಿರುವ ಲೈಸಿನ್ ಈ ಕಥೆಯ ನಾಯಕ. ಮೈಕೆಲ್ ಗ್ರುನ್‌ಸ್ಟೈನ್ ಪ್ರಯೋಗಾಲಯ 1988ರಲ್ಲಿ ಎಚ್4ರ ಬಾಲ ಕತ್ತರಿಸಿ ನೋಡಿತು: ಯೀಸ್ಟು ಸಾಯಲಿಲ್ಲ, ಆದರೆ ಮೌನ ಹೋಯಿತು. ಎರಡು ವರ್ಷದ ಬಳಿಕ 16ರ ಸುತ್ತಮುತ್ತಲ ನಾಲ್ಕೇ ಜಾಗಗಳನ್ನು ಕೆಡಿಸಿದರೂ ಸಾಕೆಂದು ತಿಳಿಯಿತು. ಆ ಕೇಡನ್ನು ಸರ್3ರಲ್ಲಿನ ಒಂದು ಬದಲಾವಣೆ ಸರಿದೂಗಿಸಿತು. ಎರಡು ಪ್ರೋಟೀನ್‌ಗಳು ಒಂದನ್ನೊಂದು ಮುಟ್ಟುತ್ತಿರಬೇಕೆಂದು ತಳಿಶಾಸ್ತ್ರ ಕೊಡುವ ಸುಳಿವು ಇಂಥದ್ದೇ. 2011ರಲ್ಲಿ ಸರ್3ರ ತುಣುಕೊಂದು ನ್ಯೂಕ್ಲಿಯೋಸೋಮನ್ನು ಹಿಡಿದಿರುವ ಸ್ಫಟಿಕ ಚಿತ್ರ ಸಿಕ್ಕಿದಾಗ ಆ ಸ್ಪರ್ಶ ಕಣ್ಣಿಗೇ ಕಂಡಿತು.

ಕೆಲಸ ಮಾಡುವ ಜೀನುಗಳ ಹತ್ತಿರ ಆ ಲೈಸಿನ್‌ಗೆ ಅಸಿಟೈಲ್ ಗುಂಪು ಅಂಟಿರುತ್ತದೆ, ಅಂಟಿದ್ದರೆ ಸರ್3ಕ್ಕೆ ಗಟ್ಟಿಯಾಗಿ ಕೂರಲಾಗುವುದಿಲ್ಲ. ಸರ್2 ಅದನ್ನು ಕಿತ್ತುಹಾಕುತ್ತದೆ, ಸರ್3 ಕೂರುತ್ತದೆ, ಅದು ಇನ್ನಷ್ಟು ಸರ್4 ಮತ್ತು ಸರ್2ನ್ನು ಕರೆತರುತ್ತದೆ, ಅವು ಪಕ್ಕದ ನ್ಯೂಕ್ಲಿಯೋಸೋಮಿನ ಅಸಿಟೈಲ್ ಕಿತ್ತುಹಾಕುತ್ತವೆ. ಹೀಗೆ ಸೈಲೆನ್ಸರಿನಿಂದ ಹೊರಟದ್ದು ಹಬ್ಬುತ್ತ ಹೋಗುತ್ತದೆ. ಎಲ್ಲಿಯವರೆಗೆ? ಎಚ್‌ಎಂಆರ್‌ನ ಬಲಬದಿಯಲ್ಲಿ ಒಂದು ಟಿಆರ್‌ಎನ್‌ಎ ಜೀನು ಅಡ್ಡಗಟ್ಟಿ ನಿಂತಿದೆ; ಅದನ್ನು ತೆಗೆದರೆ ಮೌನ ಆಚೆಗೂ ಹರಡುತ್ತದೆ ಎಂದು ಡಾಂಜ್, ಕಾಮಕಾಕ ಮೊದಲಾದವರು 1999ರಲ್ಲಿ ತೋರಿಸಿದರು. ವರ್ಣತಂತುವಿನ ತುದಿಗಳ ಬಳಿ ಸ್ಯಾಸ್2 ಎಂಬ ಕಿಣ್ವ ಅದೇ 16ನೆಯ ಲೈಸಿನ್‌ಗೆ ಅಸಿಟೈಲ್ ಅಂಟಿಸುತ್ತಿರುತ್ತದೆ. ಸರ್2 ಕೀಳುತ್ತದೆ, ಸ್ಯಾಸ್2 ಅಂಟಿಸುತ್ತದೆ. ಗಡಿ ಬೀಳುವುದು ಇವೆರಡರ ಜಗ್ಗಾಟ ಸಮಸಮವಾದಲ್ಲಿ. ಆದ್ದರಿಂದಲೇ ಇಲ್ಲಿನ ಮೌನವನ್ನು ಬೀಗ ಹಾಕಿದ ಸ್ಥಿತಿಯೆಂದು ವರ್ಣಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅದು ಬಿಡುವಿಲ್ಲದೆ ಮಾಡುತ್ತಲೇ ಇರಬೇಕಾದ ಕೆಲಸ.

ಈ ಕೆಲಸ ತಾಯಿಕೋಶದಿಂದ ಮಗಳಿಗೆ ದಾಟುತ್ತದೆಯೇ? ಈ ಪ್ರಶ್ನೆಗೆ ಲೊರೇನ್ ಪಿಲ್ಲಸ್ ಮತ್ತು ರೈನ್ 1989ರಲ್ಲಿ ಮಾಡಿದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅವರು ತೆಗೆದುಕೊಂಡದ್ದು ಸರ್1 ಇಲ್ಲದ ಎ ಬಗೆಯ ಕೋಶಗಳು. ಅವುಗಳ ಸುತ್ತ ಆಲ್ಫಾ ಫ್ಯಾಕ್ಟರ್ ಹಾಕಿದರು. ಇದು ಆಲ್ಫಾ ಕೋಶಗಳು ಹೊರಬಿಡುವ, 13 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್. ಎ ಕೋಶಕ್ಕೆ ಅದರ ಸುಳಿವು ಸಿಕ್ಕರೆ ಮೊಗ್ಗೊಡೆಯುವುದನ್ನು ನಿಲ್ಲಿಸಿ ಆ ಕಡೆಗೆ ಮೂತಿ ಚಾಚುತ್ತದೆ, ಪೇರಲೆ ಹಣ್ಣಿನಂತಾಗುತ್ತದೆ. ಎಚ್‌ಎಂಎಲ್ ಸುಮ್ಮನಿರುವ ಕೋಶ ಹೀಗೆ ಮೂತಿ ಚಾಚುತ್ತದೆ. ಎಚ್‌ಎಂಎಲ್ ಮಾತಾಡುತ್ತಿರುವ ಕೋಶಕ್ಕೆ ಸುಳಿವೇ ಹತ್ತುವುದಿಲ್ಲ, ತನ್ನ ಪಾಡಿಗೆ ಮೊಗ್ಗೊಡೆಯುತ್ತಿರುತ್ತದೆ. ಜೀನಿನ ಸ್ಥಿತಿಯನ್ನು ಕೋಶದ ಆಕಾರ ನೋಡಿಯೇ ಹೇಳಬಹುದು. ಸೂಕ್ಷ್ಮದರ್ಶಕದ ಕೆಳಗೆ ಸೂಜಿಯಲ್ಲಿ ಒಂದೊಂದೇ ಮಗಳುಕೋಶವನ್ನು ಬಿಡಿಸಿಟ್ಟು ವಂಶವೃಕ್ಷ ಬರೆದರು. ಸರ್1 ಇಲ್ಲದಿದ್ದರೆ ಎಲ್ಲ ಕೋಶಗಳಲ್ಲೂ ಮೌನ ಅರ್ಧಂಬರ್ಧ ಸಡಿಲವಾಗಬಹುದೆಂದು ನಿರೀಕ್ಷಿಸಬಹುದಿತ್ತು. ಆದದ್ದು ಬೇರೆ: ಕೆಲವು ಕೋಶಗಳಲ್ಲಿ ಪೂರ್ತಿ ಮೌನ, ಉಳಿದವುಗಳಲ್ಲಿ ಮೌನವೇ ಇಲ್ಲ. ಮೌನದ ಕೋಶಗಳ ಸಂತಾನ ತಲೆಮಾರುಗಟ್ಟಲೆ ಮೌನ, ಮಾತಿನ ಕೋಶಗಳ ಸಂತಾನ ಮಾತು. ಎಲ್ಲೋ ಅಪರೂಪಕ್ಕೊಮ್ಮೆ ಅದು ಇದಾಗುತ್ತದೆ. ಡಿಎನ್‌ಎ ಎಲ್ಲದರಲ್ಲೂ ಒಂದೇ. ಅಕ್ಷರ ಬದಲಾಗದೆಯೂ ಸ್ಥಿತಿ ಆನುವಂಶಿಕವಾಗಬಹುದು ಎಂಬುದಕ್ಕೆ ಇಷ್ಟು ನಿಚ್ಚಳ ಸಾಕ್ಷಿ ಆ ಕಾಲಕ್ಕೆ ವಿರಳ. ‘ಎಪಿಜೆನೆಟಿಕ್ಸ್’ ಎಂಬ ಹೆಸರಿನಲ್ಲಿ ಇಂದು ಮಾರಾಟವಾಗುವ ಎಷ್ಟೋ ಸಡಿಲ ಮಾತುಗಳ ನಡುವೆ ಈ ಪ್ರಬಂಧದ ಕಟ್ಟುನಿಟ್ಟು ಎದ್ದು ಕಾಣುತ್ತದೆ.

ಆದರೂ ಒಂದು ಮಿತಿಯಿದೆ. ಕೋಶದೊಳಗೇ ಸೈಲೆನ್ಸರನ್ನು ಕತ್ತರಿಸಿ ಬೇರ್ಪಡಿಸಿದರೆ, ಉಳಿದ ತುಣುಕಿನ ಮೌನ ಬಹಳ ಕಾಲ ಬಾಳುವುದಿಲ್ಲ ಎಂದು ಹೋಮ್ಸ್ ಮತ್ತು ಬ್ರೋಚ್ 1996ರಲ್ಲಿ, ಚೆಂಗ್ ಮತ್ತು ಗಾರ್ಟೆನ್‌ಬರ್ಗ್ 2000ದಲ್ಲಿ ತೋರಿಸಿದರು. ಅಂದರೆ ಸರ್ ಪ್ರೋಟೀನ್‌ಗಳ ಹೊದಿಕೆ ತನ್ನಷ್ಟಕ್ಕೆ ತಾನೇ ಮರುಹುಟ್ಟು ಪಡೆಯುವಷ್ಟು ಗಟ್ಟಿಯಲ್ಲ, ಪ್ರತಿ ತಲೆಮಾರಿಗೂ ಸೈಲೆನ್ಸರಿನ ಒತ್ತಾಸೆ ಬೇಕು. ಹೊಸದಾಗಿ ಮೌನ ನೆಲೆಗೊಳ್ಳಲು ಕೋಶ ಡಿಎನ್‌ಎ ನಕಲಿಸುವ ಹಂತವನ್ನು ದಾಟಲೇಬೇಕೆಂದು 1984ರಿಂದ ಗೊತ್ತಿತ್ತು. ಹಾಗಾಗಿ ನಕಲು ಕೆಲಸವೇ ಮೌನಕ್ಕೆ ಕಾರಣವೆಂದು ಹಲವರು ನಂಬಿದ್ದರು. 2001ರಲ್ಲಿ ಎರಡು ಗುಂಪುಗಳು ನಕಲಾಗದ ಡಿಎನ್‌ಎ ಉಂಗುರದಲ್ಲೂ ಮೌನ ನೆಲೆಗೊಳ್ಳುವುದನ್ನು ತೋರಿಸಿ ಆ ನಂಬಿಕೆಯನ್ನು ಕೆಡವಿದವು. ಬೇಕಾದದ್ದು ಆ ಹಂತ, ನಕಲು ಅಲ್ಲ. ಮೌನ ನಿಜಕ್ಕೂ ಯಾವ ಮೆಟ್ಟಿಲಲ್ಲಿ ಜೀನನ್ನು ತಡೆಯುತ್ತದೆ ಎಂಬುದರ ಬಗ್ಗೆಯೂ ಜಗಳವಿತ್ತು. ಪಾಲಿಮರೇಸ್ ಅಲ್ಲಿಗೆ ಬಂದು ಕೂತು ಮುಂದೆ ಹೋಗಲಾರದೆ ನಿಂತಿರುತ್ತದೆ ಎಂದು 2001ರಲ್ಲಿ ಒಂದು ಗುಂಪು, ಬರುವುದೇ ಇಲ್ಲ ಎಂದು 2005ರಲ್ಲಿ ಇನ್ನೊಂದು. ಎರಡನೆಯದರ ಕಡೆಗೇ ತಕ್ಕಡಿ ವಾಲಿದೆ ಎಂದು ನನ್ನ ಎಣಿಕೆ.

ಈಗ ವರ್ಣತಂತುವಿನ ತುದಿಗಳಿಗೆ, ಅಂದರೆ ಟೆಲೋಮಿಯರ್‌ಗಳಿಗೆ, ಬರೋಣ. 1990ರಲ್ಲಿ ಡೇನಿಯಲ್ ಗಾಟ್ಶ್‌ಲಿಂಗ್, ವರ್ಜೀನಿಯಾ ಜಾಕಿಯನ್ ಮತ್ತು ಸಂಗಡಿಗರು ಟೆಲೋಮಿಯರ್ ಪಕ್ಕದಲ್ಲಿ ಎಡಿಇ2 ಜೀನನ್ನು ಇಟ್ಟರು. ಈ ಜೀನು ಕೆಲಸ ಮಾಡದಿದ್ದರೆ ಯೀಸ್ಟಿನಲ್ಲಿ ಕೆಂಪು ಬಣ್ಣದ ವಸ್ತು ಶೇಖರವಾಗುತ್ತದೆ, ಮಾಡಿದರೆ ಕಾಲನಿ ಬಿಳಿ. ತಟ್ಟೆಯಲ್ಲಿ ಬೆಳೆದು ಬಂದವು ಒಂದೇ ಕಾಲನಿಯೊಳಗೆ ಕೆಂಪು, ಬಿಳಿ ಹೋಳುಗಳು. ಒಂದು ಹೋಳು ಒಂದು ಕೋಶದ ಸಂತತಿ. ಬಣ್ಣ ಬದಲಾದಲ್ಲಿ ಯಾವುದೋ ಕೋಶ ಮೌನದಿಂದ ಮಾತಿಗೋ ಮಾತಿನಿಂದ ಮೌನಕ್ಕೋ ಜಿಗಿದಿದೆ. ಆ ಚಿತ್ರ ಎಷ್ಟು ಮನ ಸೆಳೆಯಿತೆಂದರೆ, ಯೀಸ್ಟಿನ 16 ವರ್ಣತಂತುಗಳ ತುದಿಗಳೆಲ್ಲ ಮೌನ ವಲಯಗಳೆಂಬುದು ಪಾಠದ ಮಾತಾಯಿತು.

ಆದರೆ ಅದು ತಂದಿಟ್ಟ ಜೀನು. ಅಲ್ಲೇ ಹುಟ್ಟಿ ಬೆಳೆದ ಜೀನುಗಳ ಪಾಡೇನು? 1999ರಲ್ಲೇ ಪ್ರೈಡ್ ಮತ್ತು ಲೂಯಿಸ್ ಸಹಜ ತುದಿಗಳನ್ನು ನೋಡಿ, ಮೌನ ಅಲ್ಲಲ್ಲಿ ತುಂಡು ತುಂಡಾಗಿದೆ, ಕೆಲವು ತುದಿಗಳಲ್ಲಿ ಇಲ್ಲವೇ ಇಲ್ಲ ಎಂದಿದ್ದರು. 2015ರಲ್ಲಿ ರೈನ್ ಪ್ರಯೋಗಾಲಯ ಎಲ್ಲ ತುದಿಗಳ ಆರ್‌ಎನ್‌ಎ ಅಳೆದಾಗ ಸರ್ ಪ್ರೋಟೀನ್‌ಗಳಿಂದ ಬಾಯಿ ಕಟ್ಟಿಸಿಕೊಂಡವು ಅಲ್ಲಿನ ಜೀನುಗಳಲ್ಲಿ ಸುಮಾರು ಶೇ 6 ಮಾತ್ರ. ಇದಕ್ಕೂ ಮೊದಲು ಇನ್ನೊಂದು ಪೆಟ್ಟು ಬಿದ್ದಿತ್ತು. ತುದಿಯ ಮೌನ ಅಳೆಯಲು ಎಲ್ಲರೂ ಬಳಸುತ್ತಿದ್ದದ್ದು ಯುಆರ್‌ಎ3 ಜೀನು ಮತ್ತು 5-ಎಫ್‌ಒಎ ಎಂಬ ರಾಸಾಯನಿಕ. ಜೀನು ಕೆಲಸ ಮಾಡಿದರೆ 5-ಎಫ್‌ಒಎ ವಿಷವಾಗಿ ಕೋಶ ಸಾಯುತ್ತದೆ, ಸುಮ್ಮನಿದ್ದರೆ ಬದುಕುತ್ತದೆ. ಕೆಲವು ರೂಪಾಂತರಿಗಳಲ್ಲಿ ಕೋಶ ಸಾಯುವುದು ಮೌನ ಮುರಿದದ್ದರಿಂದಲ್ಲ, ಆ ರಾಸಾಯನಿಕವೇ ನ್ಯೂಕ್ಲಿಯೋಟೈಡ್ ತಯಾರಿಕೆಯನ್ನು ಏರುಪೇರು ಮಾಡುವುದರಿಂದ ಎಂದು 2011ರಲ್ಲಿ ಗೊತ್ತಾಯಿತು. ಡಾಟ್1 ಎಂಬ ಕಿಣ್ವಕ್ಕೆ ‘ತುದಿಯ ಮೌನ ಕೆಡಿಸುವುದು’ ಎಂಬರ್ಥದ ಹೆಸರು ಬಂದದ್ದೇ ಇಂಥ ಪರೀಕ್ಷೆಗಳಿಂದ; ಸಹಜ ತುದಿಗಳಲ್ಲಿ ನೋಡಿದರೆ ಅದನ್ನು ತೆಗೆದುಹಾಕಿದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಸರು ಮಾತ್ರ ಉಳಿಯಿತು, ಮನುಷ್ಯರ ರಕ್ತದ ಕ್ಯಾನ್ಸರಿನ ಸಂಶೋಧನೆಯವರೆಗೂ ಹೋಯಿತು.

ಸರ್2ರದ್ದು ಇನ್ನೂ ದೊಡ್ಡ ಗದ್ದಲ. 2000ದಲ್ಲಿ ಇಮಾಯ್ ಮತ್ತು ಲಿಯೊನಾರ್ಡ್ ಗ್ವಾರೆಂಟೆ ಮೊದಲಾದವರು ಅದು ಅಸಿಟೈಲ್ ಕೀಳಲು ಎನ್‌ಎಡಿ ಎಂಬ ಅಣುವನ್ನು ಖರ್ಚು ಮಾಡುತ್ತದೆಂದು ತೋರಿಸಿದರು. ಎನ್‌ಎಡಿ ಕೋಶದ ಆಹಾರ, ಶಕ್ತಿಗಳ ವ್ಯವಹಾರದಲ್ಲಿ ಎಲ್ಲೆಡೆ ಬೇಕಾದದ್ದು. ಹಾಗಾಗಿ ಮೌನಕ್ಕೂ ಊಟಕ್ಕೂ ನಂಟು ಬಿತ್ತು. ಅದರ ಹಿಂದಿನ ವರ್ಷವೇ ಹೆಚ್ಚುವರಿ ಸರ್2 ಕೊಟ್ಟ ಯೀಸ್ಟು ಹೆಚ್ಚು ಸಲ ಮೊಗ್ಗೊಡೆದು ಬಾಳುತ್ತದೆಂದು ಅದೇ ಪ್ರಯೋಗಾಲಯ ಪ್ರಕಟಿಸಿತ್ತು. ಅದಕ್ಕೆ ಕೊಟ್ಟ ಕಾರಣವೂ ಯೀಸ್ಟಿನದೇ: ರೈಬೋಸೋಮ್ ಜೀನುಗಳ ನೂರಾರು ಪ್ರತಿಗಳ ಸಾಲನ್ನು ಸರ್2 ಹದ್ದುಬಸ್ತಿನಲ್ಲಿಡುತ್ತದೆ, ಅದಿಲ್ಲದಿದ್ದರೆ ಆ ಸಾಲಿನಿಂದ ಡಿಎನ್‌ಎ ಉಂಗುರಗಳು ಕಳಚಿ ಮುದಿ ತಾಯಿಕೋಶದಲ್ಲಿ ತುಂಬಿಕೊಳ್ಳುತ್ತವೆ. ಮನುಷ್ಯರ ಮುಪ್ಪಿನಲ್ಲಿ ಇಂಥ ಉಂಗುರಗಳ ಪಾತ್ರವಿದೆಯೆಂದು ಯಾರೂ ತೋರಿಸಿರಲಿಲ್ಲ. ಆದರೂ ಸರ್ಟುಯಿನ್‌ಗಳೆಂಬ ಸರ್2ರ ಏಳು ದಾಯಾದಿಗಳು ನಮ್ಮಲ್ಲಿವೆ ಎಂಬ ಎಳೆ ಹಿಡಿದು, ಅವನ್ನು ಚುರುಕುಗೊಳಿಸುತ್ತದೆ ಎನ್ನಲಾದ ರೆಡ್ ವೈನಿನ ರೆಸ್ವೆರಟ್ರಾಲ್‌ವರೆಗೆ ಹೋದರು. 2008ರಲ್ಲಿ ಗ್ಲಾಕ್ಸೋಸ್ಮಿತ್‌ಕ್ಲೈನ್ ಸಂಸ್ಥೆ ಅಂಥ ಗುಳಿಗೆ ಹುಡುಕುತ್ತಿದ್ದ ಸರ್ಟ್ರಿಸ್ ಕಂಪನಿಯನ್ನು ಸುಮಾರು 72 ಕೋಟಿ ಡಾಲರಿಗೆ ಕೊಂಡಿತು, 2013ರಲ್ಲಿ ಅದರ ಕಚೇರಿ ಮುಚ್ಚಿತು. 2011ರಲ್ಲಿ ಹುಳು, ನೊಣಗಳಲ್ಲಿ ಸರ್2 ಹೆಚ್ಚಿಸಿದ ಹಳೆಯ ಪ್ರಯೋಗಗಳನ್ನು ತಳಿಯ ಹಿನ್ನೆಲೆ ಸರಿಪಡಿಸಿ ಮತ್ತೆ ಮಾಡಿದಾಗ ಆಯುಷ್ಯದ ಲಾಭ ಬಹುಮಟ್ಟಿಗೆ ಮಾಯವಾಗಿತ್ತು. ಸರ್ಟುಯಿನ್‌ಗಳು ಮುಖ್ಯವಲ್ಲ ಎಂದಲ್ಲ. ಯೀಸ್ಟಿನ ರೈಬೋಸೋಮ್ ಜೀನುಗಳ ಸಾಲಿನಲ್ಲಿ ನಿಜವಾದದ್ದನ್ನು ಗುಳಿಗೆಯ ಡಬ್ಬಿಗೆ ತುಂಬುವ ಅವಸರ ಮಾತ್ರ ಅತಿಯಾಯಿತು.

ಸರ್ ವ್ಯವಸ್ಥೆ ಎಲ್ಲ ಯೀಸ್ಟುಗಳಲ್ಲೂ ಇದೆಯೆಂದೂ ತಿಳಿಯಬಾರದು. ಸೀಳಿ ಎರಡಾಗುವ ಷೈಜೊಸ್ಯಾಕರೊಮೈಸೀಸ್ ಪೊಂಬೆ ಎಂಬ ಯೀಸ್ಟಿನಲ್ಲಿ ಸರ್3, ಸರ್4 ಇಲ್ಲ. ಅಲ್ಲಿ ಹಿಸ್ಟೋನ್ ಎಚ್3ರ ಒಂಬತ್ತನೆಯ ಲೈಸಿನ್‌ಗೆ ಮೀಥೈಲ್ ಅಂಟಿಸಿ, ಅದರ ಮೇಲೆ ಸ್ವಿ6 ಪ್ರೋಟೀನನ್ನು ಕೂರಿಸಲಾಗುತ್ತದೆ, ಸಣ್ಣ ಆರ್‌ಎನ್‌ಎಗಳ ನೆರವೂ ಬೇಕು. ಮನುಷ್ಯರ ವ್ಯವಸ್ಥೆ ಹೋಲುವುದು ಇದನ್ನೇ. ಕ್ಲಾರ್ ಮುಂದೆ ಈ ಯೀಸ್ಟಿನ ಕಡೆ ಹೊರಳಿದರು. ಶಿವ್ ಗ್ರೆವಾಲ್ ಜೊತೆ 1996ರಲ್ಲಿ ಇಲ್ಲೂ ಮೌನ ಸ್ಥಿತಿ ಆನುವಂಶಿಕವಾಗುವುದನ್ನು ತೋರಿಸಿದರು. ಬೇಕರಿ ಯೀಸ್ಟಿನ ಸರ್3 ಹುಟ್ಟಿದ್ದು ಓಆರ್‌ಸಿಯ ಒಂದು ಭಾಗವಾದ ಓಆರ್‌ಸಿ1ರಿಂದ. ಬಹಳ ಹಿಂದೆ ಈ ವಂಶದಲ್ಲಿ ಇಡೀ ಜೀನ್ ಸಂಚಯವೇ ಇಮ್ಮಡಿಯಾದಾಗ ಓಆರ್‌ಸಿ1ಕ್ಕೊಂದು ಹೆಚ್ಚುವರಿ ಪ್ರತಿ ಸಿಕ್ಕಿತು, ಅದು ನಕಲು ಕೆಲಸ ಬಿಟ್ಟು ಮೌನದ ಕೆಲಸಕ್ಕೆ ನಿಂತಿತು. ಆ ಇಮ್ಮಡಿಯಾಗದ ಕ್ಲುವೆರೊಮೈಸೀಸ್ ಲ್ಯಾಕ್ಟಿಸ್ ಎಂಬ ಬಂಧುವಿನಲ್ಲಿ ಓಆರ್‌ಸಿ1 ಎರಡೂ ಕೆಲಸ ಮಾಡುತ್ತದೆ. ಸೈಲೆನ್ಸರಿನಲ್ಲಿ ಓಆರ್‌ಸಿ ಯಾಕೆ ಬಂತು ಎಂಬ ಹಳೆಯ ಒಗಟಿಗೆ ಇದರಿಂದ ಸ್ವಲ್ಪ ಬೆಳಕು ಬಿದ್ದಿದೆ.

ವೈದ್ಯರಿಗೆ ಈ ವಿಷಯ ಬೇಕಾಗುವುದು ಬೇಕರಿ ಯೀಸ್ಟಿನಿಂದಲ್ಲ, ಅದರ ಹತ್ತಿರದ ಬಂಧು ಕ್ಯಾಂಡಿಡಾ ಗ್ಲಾಬ್ರಾಟಾದಿಂದ. ಮೂತ್ರನಾಳದ ಸೋಂಕಿನಲ್ಲಿ ಸಿಗುವ ಶಿಲೀಂಧ್ರವಿದು. ದೇಹದ ಒಳಪದರಕ್ಕೆ ಅಂಟಿಕೊಳ್ಳಲು ಬೇಕಾದ ಇಪಿಎ ಜೀನುಗಳನ್ನು ಅದು ವರ್ಣತಂತುಗಳ ತುದಿಗಳ ಬಳಿ ಇಟ್ಟುಕೊಂಡಿದೆ, ಸರ್ ಪ್ರೋಟೀನ್‌ಗಳು ಅವುಗಳ ಬಾಯಿ ಕಟ್ಟಿರುತ್ತವೆ. ಇಲ್ಲಿ ತುದಿಯ ಮೌನ ತಂದಿಟ್ಟ ಜೀನಿನದ್ದಲ್ಲ, ಅಸಲಿ. ಈ ಜೀವಿಗೆ ನಿಕೋಟಿನಿಕ್ ಆಮ್ಲವನ್ನು ತಾನೇ ತಯಾರಿಸಲು ಬರುವುದಿಲ್ಲ, ಹೊರಗಿನಿಂದ ಪಡೆದೇ ಎನ್‌ಎಡಿ ಮಾಡಿಕೊಳ್ಳಬೇಕು. ಮೂತ್ರದಲ್ಲಿ ನಿಕೋಟಿನಿಕ್ ಆಮ್ಲ ಕಡಿಮೆ. ಅಲ್ಲಿಗೆ ಬಂದ ಕೋಶದಲ್ಲಿ ಎನ್‌ಎಡಿ ಇಳಿಯುತ್ತದೆ, ಸರ್2 ಸೊರಗುತ್ತದೆ, ಇಪಿಎ6 ಮಾತಾಡತೊಡಗುತ್ತದೆ, ಶಿಲೀಂಧ್ರ ನಾಳದ ಗೋಡೆ ಹಿಡಿದು ಕೂರುತ್ತದೆ. ಡೊಮರ್ಗ್, ಕೊರ್ಮ್ಯಾಕ್ ಮೊದಲಾದವರು ಇದನ್ನು 2005ರಲ್ಲಿ ಇಲಿಗಳಲ್ಲಿ ತೋರಿಸಿದರು. ನಿಕೋಟಿನಿಕ್ ಆಮ್ಲ ಹೆಚ್ಚಿಸಿದಾಗ ಅಂಟುವಿಕೆ ತಗ್ಗಿತು. ಮಲೇರಿಯಾದ ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಕೂಡ ನಮ್ಮ ರೋಗನಿರೋಧಕ ಶಕ್ತಿಯ ಕಣ್ಣು ತಪ್ಪಿಸಲು ಬಳಸುವ ವಾರ್ ಜೀನುಗಳನ್ನು ಬಹುಪಾಲು ತುದಿಗಳಲ್ಲೇ ಇಟ್ಟುಕೊಂಡು, ಒಂದು ಸಲಕ್ಕೆ ಒಂದನ್ನು ಮಾತ್ರ ಆಡಲು ಬಿಡುತ್ತದೆ. ಉಳಿದವನ್ನು ತಡೆಹಿಡಿಯುವುದರಲ್ಲಿ ಅದರ ಸರ್2ಕ್ಕೂ ಪಾಲಿದೆ. ಸರ್2 ಚುರುಕುಗೊಳಿಸುವ ಗುಳಿಗೆಗಾಗಿ ಅಷ್ಟು ಹಣ ಸುರಿದವರ ನಡುವೆ, ಯಾರಾದರೂ ಗ್ಲಾಬ್ರಾಟಾಕ್ಕೆ ಔಷಧಿಯೆಂದು ಅದೇ ಸರ್2ನ್ನು ಕುಂದಿಸುವ ಅಣು ಹುಡುಕಹೊರಟರೆ ಫಲ ತಿರುಗುಮುರುಗಾದೀತು: ಬಾಯಿ ಬಿಚ್ಚಿದ ಇಪಿಎ ಜೀನುಗಳಿಂದ ಶಿಲೀಂಧ್ರ ಇನ್ನೂ ಬಿಗಿಯಾಗಿ ಅಂಟಿಕೊಳ್ಳುತ್ತದೆ.